ಧೂಮಕೇತುವಿನ ಧೂಳು: ಕಣದ ಮೈಕಟ್ಟಿನಲ್ಲಿ ಉಳಿದ ಚರಿತ್ರೆ



ವಿಜ್ಞಾನದ ಮಾತು ಕನ್ನಡದಲ್ಲಿ ನಡೆಯಬೇಕೆಂಬ ಆಸೆಯಿಂದ ಇಟ್ಟ ದತ್ತಿಯ ಉಪನ್ಯಾಸ ಇದು. ಇಂಥ ವೇದಿಕೆಗೆ ನನ್ನನ್ನು ಕರೆದದ್ದಕ್ಕೆ ಕೃತಜ್ಞನಾಗಿದ್ದೇನೆ. ಯಾವ ವಿಷಯವಾದರೂ ಆಗಬಹುದು ಎಂದಿರಿ. ಧೂಮಕೇತುಗಳು ಬಿಟ್ಟುಹೋಗುವ ಧೂಳಿನ ಭೌತ ಗುಣಗಳನ್ನು ಆರಿಸಿಕೊಂಡಿದ್ದೇನೆ. ವಿಷಯ ಕಿರಿದು, ಆದರೆ ಅದು ಕೊಡುವ ಉತ್ತರ ದೊಡ್ಡದು. ನಮ್ಮ ಸೌರಮಂಡಲ ಹುಟ್ಟಿದ ಬಗೆಯನ್ನು ಇಷ್ಟು ಹತ್ತಿರದಿಂದ ಹೇಳಬಲ್ಲ ವಸ್ತುಗಳು ಬಹಳ ಇಲ್ಲ.

1. ಕಾಣುವುದೆಲ್ಲ ಧೂಳೇ

2024ರ ಸೆಪ್ಟೆಂಬರ್ ಕೊನೆಗೆ ಮತ್ತು ಅಕ್ಟೋಬರ್ ಮೊದಲಿಗೆ ಬೆಂಗಳೂರಿನಲ್ಲಿ ಎಷ್ಟೋ ಜನ ಬೆಳಗಿನ ಜಾವಕ್ಕೆ ಎದ್ದು ಪೂರ್ವದ ಬಾನಂಚಿನಲ್ಲಿ ತ್ಸುಚಿನ್‌ಶಾನ್–ಅಟ್ಲಾಸ್ ಧೂಮಕೇತುವನ್ನು ನೋಡಿದರು, ಚಿತ್ರ ತೆಗೆದರು. ಧೂಮಕೇತುವಿನ ಗಟ್ಟಿ ಭಾಗವಾದ ನ್ಯೂಕ್ಲಿಯಸ್ ಸಾಮಾನ್ಯವಾಗಿ ಕೆಲವೇ ಕಿಲೊಮೀಟರ್ ಅಗಲದ್ದು. ಅದರ ಮೈ ಇದ್ದಿಲಿನಷ್ಟು ಕಪ್ಪು. ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಅದು ನೂರಕ್ಕೆ ನಾಲ್ಕೈದು ಪಾಲನ್ನಷ್ಟೇ ಹಿಂದಿರುಗಿಸುತ್ತದೆ. ಅಷ್ಟು ದೂರದಿಂದ ಅದು ಬರಿಗಣ್ಣಿಗೆ ಕಾಣುವಂಥದ್ದಲ್ಲ. ಅಂದು ಕಂಡ ಹಳದಿ ಛಾಯೆಯ ಉದ್ದನೆಯ ಬಾಲ ಲಕ್ಷಾಂತರ ಕಿಲೊಮೀಟರ್ ಹರಡಿಕೊಂಡ ಧೂಳು. ಆ ಧೂಳು ಚದುರಿಸಿದ ಸೂರ್ಯನ ಬೆಳಕನ್ನು ಜನ ನೋಡಿದರು.

1950ರಲ್ಲಿ ಅಮೆರಿಕದ ಫ್ರೆಡ್ ವಿಪ್ಪಲ್ ಧೂಮಕೇತುವಿನ ನ್ಯೂಕ್ಲಿಯಸ್ ಹಿಮ ಮತ್ತು ಧೂಳು ಬೆರೆತ ಒಂದೇ ಗಟ್ಟಿ ಕಾಯ ಎಂಬ ಮಾದರಿಯನ್ನು ಮುಂದಿಟ್ಟರು. ಸೂರ್ಯನ ಹತ್ತಿರ ಬಂದಾಗ ಹಿಮ ನೀರಾಗದೆ ನೇರವಾಗಿ ಆವಿಯಾಗುತ್ತದೆ, ಆ ಆವಿ ಧೂಳನ್ನು ಹೊತ್ತು ಹೊರಚಿಮ್ಮುತ್ತದೆ, ಸುತ್ತ ಕೋಮಾ ಎಂಬ ಮಸುಕು ಆವರಣ ಮೂಡುತ್ತದೆ. ಈ ಮಾದರಿಗೆ 'ಕೊಳಕು ಹಿಮದುಂಡೆ' ಎಂಬ ಹೆಸರು ಬಿತ್ತು. ಹಿಮವೇ ಮುಖ್ಯ, ಧೂಳು ಅದರಲ್ಲಿ ಸೇರಿಕೊಂಡ ಕಸ ಎಂಬ ಭಾವನೆ ಈ ಹೆಸರಿನಲ್ಲಿದೆ. ಕಳೆದ ನಾಲ್ಕು ದಶಕಗಳ ಅಳತೆಗಳು ಈ ಕ್ರಮವನ್ನು ತಿರುಗಿಸಿವೆ. ಹತ್ತಿರದಿಂದ ಪರೀಕ್ಷಿಸಿದ 67ಪಿ ಧೂಮಕೇತುವಿನ ಬಗೆಗಿನ ಹೆಚ್ಚಿನ ಅಂದಾಜುಗಳು ತೂಕದಲ್ಲಿ ಹಿಮಕ್ಕಿಂತ ಧೂಳೇ ಹೆಚ್ಚೆಂದು ಹೇಳುತ್ತವೆ.

ಕಣದಲ್ಲಿ ಯಾವ ಮೂಲವಸ್ತುಗಳಿವೆ ಎಂಬುದು ರಸಾಯನದ ಪ್ರಶ್ನೆ. ಕಣ ಎಷ್ಟು ದೊಡ್ಡದು, ಒಳಗೆಷ್ಟು ಟೊಳ್ಳು, ಎಷ್ಟು ಒತ್ತಿದರೆ ಪುಡಿಯಾಗುತ್ತದೆ, ಬೆಳಕನ್ನು ಹೇಗೆ ಚದುರಿಸುತ್ತದೆ ಎಂಬವು ಭೌತ ಗುಣದ ಪ್ರಶ್ನೆಗಳು. ಮೊದಲನೆಯದರಿಂದ ಕಣ ಏನೆಂದು ತಿಳಿಯುತ್ತದೆ. ಎರಡನೆಯದರಿಂದ ಅದು ಹೇಗೆ ಕೂಡಿಕೊಂಡಿತು, ಆಮೇಲಿನ 450 ಕೋಟಿ ವರ್ಷಗಳಲ್ಲಿ ಅದಕ್ಕೆ ಏನೇನು ಆಗಲಿಲ್ಲ ಎಂಬುದು ತಿಳಿಯುತ್ತದೆ. ಕಾದಿದ್ದರೆ ಕರಗಿ ಗಟ್ಟಿಯಾಗುತ್ತಿತ್ತು, ಜಜ್ಜಿದ್ದರೆ ಒಳಗಿನ ಟೊಳ್ಳು ಮುಚ್ಚಿಹೋಗುತ್ತಿತ್ತು. ಧೂಮಕೇತುವಿನ ಧೂಳು ಇಂದಿಗೂ ದುರ್ಬಲವಾಗಿ, ಟೊಳ್ಳಾಗಿ ಉಳಿದಿದೆ. ಆ ದೌರ್ಬಲ್ಯವೇ ಅದರ ಹಳಮೆಗೆ ಸಾಕ್ಷಿ ಎಂಬುದು ಈ ಉಪನ್ಯಾಸದ ಮುಖ್ಯ ಮಾತು.

2. ಬೆಳಕು ತಳ್ಳುವ ಕಣಗಳು

ಕಣದ ಗಾತ್ರವನ್ನು ಅಳೆಯಲು ಅದನ್ನು ಮುಟ್ಟಬೇಕಾಗಿಲ್ಲ. ಸೂರ್ಯನ ಬೆಳಕೇ ಕಣಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸುತ್ತದೆ.

ಬೆಳಕು ತಾನು ಬಿದ್ದ ವಸ್ತುವನ್ನು ಅತಿ ಸಣ್ಣ ಬಲದಿಂದ ತಳ್ಳುತ್ತದೆ. ಧೂಮಕೇತುವಿನ ಬಾಲ ಸೂರ್ಯನಿಂದ ದೂರಕ್ಕೆ ಚಾಚಿಕೊಳ್ಳುವುದಕ್ಕೆ ಸೂರ್ಯಕಿರಣಗಳ ತಳ್ಳು ಕಾರಣವಿರಬಹುದೆಂದು ಕೆಪ್ಲರ್ ಹದಿನೇಳನೆಯ ಶತಮಾನದಲ್ಲೇ ಊಹಿಸಿದ್ದ. ಗುರುತ್ವದ ಸೆಳೆತ ಕಣದ ದ್ರವ್ಯರಾಶಿಯನ್ನು, ಅಂದರೆ ಅದರ ತ್ರಿಜ್ಯದ ಘನವನ್ನು ಅವಲಂಬಿಸಿದೆ. ಬೆಳಕಿನ ತಳ್ಳು ಕಣದ ಅಡ್ಡಕೊಯ್ತದ ವಿಸ್ತೀರ್ಣವನ್ನು, ಅಂದರೆ ತ್ರಿಜ್ಯದ ವರ್ಗವನ್ನು ಅವಲಂಬಿಸಿದೆ. ಹಾಗಾಗಿ ಕಣ ಸಣ್ಣದಾದಷ್ಟೂ ಬೆಳಕಿನ ಕೈ ಮೇಲಾಗುತ್ತದೆ. ನೀರಿನಷ್ಟೇ ಸಾಂದ್ರತೆಯ ಒಂದು ಕಣ ಬೆಳಕನ್ನೆಲ್ಲ ಹೀರಿಕೊಳ್ಳುತ್ತದೆ ಎಂದಿಟ್ಟುಕೊಳ್ಳೋಣ. ಅದರ ತ್ರಿಜ್ಯ ಒಂದು ಮಿಲಿಮೀಟರ್ ಇದ್ದರೆ ಬೆಳಕಿನ ತಳ್ಳು ಗುರುತ್ವದ ಸಾವಿರದಲ್ಲೊಂದು ಪಾಲೂ ಆಗುವುದಿಲ್ಲ. ತ್ರಿಜ್ಯ ಒಂದು ಮೈಕ್ರಾನ್‌ಗೆ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿಗೆ ಇಳಿದರೆ ತಳ್ಳು ಗುರುತ್ವದ ಅರ್ಧವನ್ನು ದಾಟುತ್ತದೆ. ಅರ್ಧ ಮೈಕ್ರಾನ್‌ನ ಹತ್ತಿರ ಎರಡೂ ಸರಿಸಮವಾಗುತ್ತವೆ, ಆ ಕಣದ ಪಾಲಿಗೆ ಸೂರ್ಯನಿಗೆ ಸೆಳೆತವೇ ಇಲ್ಲದಂತಾಗುತ್ತದೆ.

ಒಂದೇ ದಿನ ನ್ಯೂಕ್ಲಿಯಸ್ ಬಿಟ್ಟು ಹೊರಟ ಕಣಗಳು ಈ ಕಾರಣದಿಂದ ಬೇರೆ ಬೇರೆ ದಾರಿ ಹಿಡಿಯುತ್ತವೆ. ಸಣ್ಣವು ಬೇಗ ದೂರ ಸರಿಯುತ್ತವೆ, ದೊಡ್ಡವು ಧೂಮಕೇತುವಿನ ಕಕ್ಷೆಗೇ ಅಂಟಿಕೊಂಡು ಹಿಂದೆ ಬೀಳುತ್ತವೆ. ಬಾಲ ಬಾಗಿ ಬೀಸಣಿಗೆಯಂತೆ ಅಗಲವಾಗುವುದು ಇದರಿಂದಲೇ. ಅದೇ ಧೂಮಕೇತುವಿನ ಇನ್ನೊಂದು ಬಾಲ, ನೀಲಿ ಛಾಯೆಯ ನೇರ ಬಾಲ, ವಿದ್ಯುದಾವೇಶ ಪಡೆದ ಅನಿಲದ್ದು. ಅದನ್ನು ಎಳೆದೊಯ್ಯುವುದು ಸೌರಮಾರುತ. ಫಿನ್‌ಸನ್ ಮತ್ತು ಪ್ರಾಬ್‌ಸ್ಟೈನ್ ಎಂಬಿಬ್ಬರು 1957ರ ಅರೆಂಡ್–ರೋಲಾಂಡ್ ಧೂಮಕೇತುವಿನ ಚಿತ್ರಗಳನ್ನು ಇಟ್ಟುಕೊಂಡು, ಬಾಲದ ಆಕಾರ ಮತ್ತು ಹೊಳಪಿನಿಂದ ಯಾವ ಗಾತ್ರದ ಕಣಗಳು ಯಾವಾಗ, ಎಷ್ಟು ಹೊರಬಿದ್ದವು ಎಂದು ಲೆಕ್ಕ ಹಾಕುವ ವಿಧಾನವನ್ನು 1968ರಲ್ಲಿ ಪ್ರಕಟಿಸಿದರು. ಇಂದಿಗೂ ಧೂಳಿನ ಬಾಲದ ಲೆಕ್ಕಗಳು ಈ ದಾರಿಯಲ್ಲೇ ನಡೆಯುತ್ತವೆ.

ಇಂಥ ಲೆಕ್ಕಗಳು ಮತ್ತೆ ಮತ್ತೆ ತೋರಿಸಿದ ಒಂದು ಸಂಗತಿ ಇದೆ. ಎಣಿಕೆಯಲ್ಲಿ ಸಣ್ಣ ಕಣಗಳೇ ಅಪಾರ. ತೂಕದ ಹೆಚ್ಚಿನ ಪಾಲು ಮಾತ್ರ ಬಹುಪಾಲು ಧೂಮಕೇತುಗಳಲ್ಲಿ ಮಿಲಿಮೀಟರ್, ಸೆಂಟಿಮೀಟರ್ ಗಾತ್ರದ ಕೆಲವೇ ಕಣಗಳಲ್ಲಿದೆ. ಕಣ್ಣಿಗೆ ಬೀಳುವ ಬೆಳಕು ಬಹುಮಟ್ಟಿಗೆ ಮೈಕ್ರಾನ್ ಗಾತ್ರದ ಕಣಗಳದ್ದು. ಆದ್ದರಿಂದ ಹೊಳಪನ್ನು ನೋಡಿ ತೂಕ ಹೇಳಹೊರಟರೆ ತಪ್ಪುತ್ತೇವೆ.

3. ಚದುರಿದ ಬೆಳಕಿನ ಓದು

ಗಾತ್ರದ ನಂತರ ಆಕಾರ. ಅದನ್ನು ತಿಳಿಯಲು ಬೆಳಕಿನ ಧ್ರುವೀಕರಣ ನೆರವಾಗುತ್ತದೆ.

ಸೂರ್ಯನಿಂದ ಹೊರಟ ಬೆಳಕಿನ ಅಲೆಗಳು ಎಲ್ಲ ದಿಕ್ಕಿನಲ್ಲೂ ಕಂಪಿಸುತ್ತವೆ. ಧೂಳಿಗೆ ಬಡಿದು ಚದುರಿದ ಮೇಲೆ ಒಂದು ದಿಕ್ಕಿನ ಕಂಪನ ಮೇಲುಗೈ ಪಡೆಯುತ್ತದೆ. ಎಷ್ಟು ಪಡೆಯುತ್ತದೆ ಎಂಬುದು ಸೂರ್ಯ, ಧೂಮಕೇತು, ಭೂಮಿ ಈ ಮೂರರ ನಡುವಿನ ಕೋನವನ್ನು ಅವಲಂಬಿಸಿದೆ. ಕೋನ ಸುಮಾರು 22 ಡಿಗ್ರಿಗಿಂತ ಕಡಿಮೆಯಿದ್ದಾಗ ಧ್ರುವೀಕರಣ ಋಣ ಚಿಹ್ನೆಯದು, ಅಂದರೆ ಕಂಪನದ ದಿಕ್ಕು ಅಡ್ಡಕ್ಕೆ ತಿರುಗಿರುತ್ತದೆ. ಆಮೇಲೆ ಅದು ಧನವಾಗಿ ಏರುತ್ತ 90–100 ಡಿಗ್ರಿಗಳ ಆಸುಪಾಸಿನಲ್ಲಿ ಶಿಖರ ಮುಟ್ಟುತ್ತದೆ. ಧೂಳು ಹೆಚ್ಚಿರುವ ಧೂಮಕೇತುಗಳಲ್ಲಿ ಆ ಶಿಖರ ನೂರಕ್ಕೆ 25ರಿಂದ 30. ನುಣುಪಾದ ಗೋಲಿಗಳಂಥ ಕಣಗಳಿಂದ ಇಂಥ ವಕ್ರರೇಖೆ ಬರುವುದಿಲ್ಲ. ಮೈಕ್ರಾನ್‌ನ ಹತ್ತರಲ್ಲೊಂದು ಪಾಲಿನಷ್ಟು ಸಣ್ಣ ಘಟಕಗಳು ಅಡ್ಡಾದಿಡ್ಡಿ ಅಂಟಿಕೊಂಡು ಆದ ಗುಚ್ಛಗಳನ್ನು ಕಲ್ಪಿಸಿ ಲೆಕ್ಕ ಹಾಕಿದಾಗ ವಕ್ರರೇಖೆ ಹೊಂದಿಕೆಯಾಗುತ್ತದೆ. ಒಂದು ಕಣವನ್ನೂ ಮುಟ್ಟದೆ ಅದರ ಒಳಕಟ್ಟನ್ನು ಹೀಗೆ ಊಹಿಸಿದ್ದರು. ಆ ಊಹೆ ಸರಿಯಾಗಿತ್ತೆಂದು ಬಹಳ ವರ್ಷಗಳ ನಂತರ ರೊಸೆಟ್ಟಾ ನೌಕೆ ತೋರಿಸಿತು.

ಕೋನದ ಮಹಿಮೆ 2024ರಲ್ಲೂ ಕಂಡಿತು. ಅಕ್ಟೋಬರ್ 9ರ ಸುಮಾರಿಗೆ ತ್ಸುಚಿನ್‌ಶಾನ್–ಅಟ್ಲಾಸ್ ಭೂಮಿ ಮತ್ತು ಸೂರ್ಯರ ನಡುವಿನ ದಿಕ್ಕಿಗೆ ಬಂದಾಗ ಅದರ ಹೊಳಪು ಒಮ್ಮೆಗೇ ಏರಿತು. ಅಲೆಯುದ್ದಕ್ಕೆ ಹೋಲುವ ಗಾತ್ರದ ಕಣಗಳು ಬೆಳಕನ್ನು ಹಿಂದಕ್ಕಿಂತ ಮುಂದಕ್ಕೆ ಹೆಚ್ಚು ಚದುರಿಸುತ್ತವೆ. ಆ ದಿನಗಳಲ್ಲಿ ಧೂಳು ಹೆಚ್ಚಿದ್ದರಿಂದ ಅಲ್ಲ, ಇದ್ದ ಧೂಳಿನ ಹಿಂದೆ ಸೂರ್ಯ ನಿಂತದ್ದರಿಂದ ಹೊಳಪು ಹೆಚ್ಚಿತು.

ಅವಕೆಂಪು ಬೆಳಕು ಇನ್ನೊಂದು ಸುಳಿವು ಕೊಡುತ್ತದೆ. ಸಿಲಿಕೇಟ್ ಖನಿಜಗಳ ಸಣ್ಣ ಕಣಗಳು 10 ಮೈಕ್ರಾನ್ ಅಲೆಯುದ್ದದ ಸುತ್ತ ಹೆಚ್ಚು ಬೆಳಗುತ್ತವೆ, ರೋಹಿತದಲ್ಲಿ ಅಲ್ಲೊಂದು ಉಬ್ಬು ಕಾಣುತ್ತದೆ. ದೊಡ್ಡ ಗಟ್ಟಿ ಕಣಗಳಾದರೆ ಈ ಉಬ್ಬು ಅಳಿಸಿಹೋಗುತ್ತದೆ. ಹಾಗಾಗಿ ಉಬ್ಬು ಕಂಡರೆ ಕಣಗಳು ಸಣ್ಣವಿರಬೇಕು ಅಥವಾ ಬಹಳ ಟೊಳ್ಳಾಗಿರಬೇಕು. ಹೇಲ್–ಬಾಪ್ ಧೂಮಕೇತುವಿನಲ್ಲಿ ಈ ಉಬ್ಬು ಬಹಳ ಬಲವಾಗಿತ್ತು. ಯುರೋಪಿನ ಐಎಸ್ಒ ದೂರದರ್ಶಕ ಅದರ ರೋಹಿತದಲ್ಲಿ ಮೆಗ್ನೀಸಿಯಂ ಹೆಚ್ಚಿರುವ ಒಲಿವೀನ್ ಹರಳುಗಳ ಗುರುತನ್ನೂ ಕಂಡಿತು. ಇದು ಅಚ್ಚರಿಯ ಸಂಗತಿ. ನಕ್ಷತ್ರಗಳ ನಡುವಿನ ಧೂಳಿನಲ್ಲಿರುವ ಸಿಲಿಕೇಟ್‌ಗೆ ಹರಳಿನ ರಚನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಅದು ಹರಳಾಗಬೇಕಾದರೆ ಸಾವಿರ ಕೆಲ್ವಿನ್‌ನ ಆಸುಪಾಸಿನ ಶಾಖ ತಗಲಬೇಕು. ನೀರು ಸದಾ ಹೆಪ್ಪುಗಟ್ಟಿರುವ ದೂರದ ಚಳಿಯಲ್ಲಿ ಹುಟ್ಟಿದ ಧೂಮಕೇತುವಿಗೆ ಕುಲುಮೆಯಲ್ಲಿ ಕಾದ ಹರಳು ಎಲ್ಲಿಂದ ಬಂತು? ಈ ಪ್ರಶ್ನೆಗೆ ದೂರದಿಂದ ನೋಡಿ ಉತ್ತರ ಸಿಗುವಂತಿರಲಿಲ್ಲ. ಧೂಳಿನ ಹತ್ತಿರಕ್ಕೇ ಹೋಗಬೇಕಿತ್ತು.

4. ಸೆಕೆಂಡಿಗೆ 68 ಕಿಲೊಮೀಟರ್

ಮೊದಲ ದೊಡ್ಡ ಪ್ರಯತ್ನ 1986ರಲ್ಲಿ ಹ್ಯಾಲಿ ಧೂಮಕೇತುವಿನ ಬಳಿ ನಡೆಯಿತು. ಸೋವಿಯತ್ ಒಕ್ಕೂಟದ ವೇಗಾ 1 ಮತ್ತು ವೇಗಾ 2 ನೌಕೆಗಳು ಮಾರ್ಚ್ 6 ಮತ್ತು 9ರಂದು ಅದರ ಬದಿಯಿಂದ ಹಾದುಹೋದವು. ಯುರೋಪಿನ ಜೊಟ್ಟೊ ನೌಕೆ ಮಾರ್ಚ್ 14ರಂದು ನ್ಯೂಕ್ಲಿಯಸ್‌ನಿಂದ ಸುಮಾರು 600 ಕಿಲೊಮೀಟರ್ ದೂರದವರೆಗೆ ಹೋಯಿತು. ಹ್ಯಾಲಿ ಸೂರ್ಯನನ್ನು ಗ್ರಹಗಳಿಗೆ ಎದುರು ದಿಕ್ಕಿನಲ್ಲಿ ಸುತ್ತುವುದರಿಂದ ಎದುರಾಬದುರಿನ ವೇಗ ಸೆಕೆಂಡಿಗೆ 68 ಕಿಲೊಮೀಟರ್ ಇತ್ತು. ಆ ವೇಗದಲ್ಲಿ ಒಂದೇ ಗ್ರಾಂ ತೂಕದ ಕಣ ಬಡಿದರೆ ಹೊಮ್ಮುವ ಶಕ್ತಿ ಸುಮಾರು 23 ಲಕ್ಷ ಜೂಲ್, ಅಂದರೆ ಅರ್ಧ ಕಿಲೊಗ್ರಾಂ ಟಿಎನ್‌ಟಿ ಸ್ಫೋಟಕದಷ್ಟು. ಇದಕ್ಕೆಂದೇ ನೌಕೆಯ ಮುಂದೆ ಎರಡು ಪದರದ ಗುರಾಣಿ ಇತ್ತು. ಮೊದಲ ತೆಳು ಅಲ್ಯೂಮಿನಿಯಂ ತಗಡಿಗೆ ಬಡಿದ ಕಣ ಆವಿಯಾಗುತ್ತದೆ, ನಡುವಿನ ಖಾಲಿ ಜಾಗದಲ್ಲಿ ಆ ಆವಿ ಹರಡಿ ಬಲ ಕಳೆದುಕೊಳ್ಳುತ್ತದೆ, ಹಿಂದಿನ ದಪ್ಪ ಪದರ ಉಳಿದದ್ದನ್ನು ತಡೆಯುತ್ತದೆ. ಈ ಗುರಾಣಿಯ ಉಪಾಯವೂ ವಿಪ್ಪಲ್ ಅವರದೇ. ಆದರೂ ಅತಿ ಹತ್ತಿರ ತಲುಪಲು ಕೆಲವೇ ಸೆಕೆಂಡುಗಳಿದ್ದಾಗ ದೊಡ್ಡದೊಂದು ಕಣ ಬಡಿದು ಜೊಟ್ಟೊ ಓಲಾಡಿತು, ಸಂಪರ್ಕ ತುಂಡಾಯಿತು. ಸುಮಾರು ಅರ್ಧ ಗಂಟೆಯ ನಂತರ ನೌಕೆ ಸ್ಥಿರವಾಯಿತಾದರೂ ಅದರ ಕ್ಯಾಮೆರಾ ಮತ್ತೆ ಚಿತ್ರ ಕಳಿಸಲಿಲ್ಲ.

ಸಿಕ್ಕ ತಿಳಿವಳಿಕೆ ಈ ನಷ್ಟಕ್ಕೆ ಯೋಗ್ಯವಾಗಿತ್ತು. ನಿರೀಕ್ಷೆಗೆ ಮೀರಿದಷ್ಟು ಅತಿಸಣ್ಣ ಕಣಗಳು ಅಲ್ಲಿದ್ದವು. ರೋಹಿತಮಾಪಕಗಳು ಇಂಗಾಲ, ಹೈಡ್ರೊಜನ್, ಆಕ್ಸಿಜನ್, ನೈಟ್ರೊಜನ್‌ಗಳೇ ಹೆಚ್ಚಿರುವ ಕಣಗಳನ್ನು ಕಂಡವು. ಖನಿಜದ ಕಣ, ಇಂಗಾಲದ ಕಣ, ಎರಡೂ ಬೆರೆತ ಕಣ ಹೀಗೆ ಬಗೆಗಳು ಗೊತ್ತಾದವು. ಆದರೆ ಆ ವೇಗದಲ್ಲಿ ಪ್ರತಿ ಕಣವೂ ಬಡಿದ ಕ್ಷಣವೇ ಪರಮಾಣುಗಳಾಗಿ ಚೂರಾಯಿತು. ಮೂಲವಸ್ತುಗಳ ಪಟ್ಟಿ ಸಿಕ್ಕಿತು, ಕಣದ ಮೈಕಟ್ಟು ಸಿಗಲಿಲ್ಲ.

5. ಸೆಕೆಂಡಿಗೆ 6 ಕಿಲೊಮೀಟರ್

ಎರಡನೆಯ ಹೆಜ್ಜೆ ನಾಸಾದ ಸ್ಟಾರ್‌ಡಸ್ಟ್. 1999ರ ಫೆಬ್ರವರಿಯಲ್ಲಿ ಹೊರಟ ಈ ನೌಕೆ 2004ರ ಜನವರಿ 2ರಂದು ವೈಲ್ಡ್ 2 ಧೂಮಕೇತುವಿನ ಕೋಮಾದೊಳಗೆ ಹಾದು ಧೂಳು ಹಿಡಿಯಿತು. 2006ರ ಜನವರಿ 15ರಂದು ಅದರ ಪೆಟ್ಟಿಗೆ ಅಮೆರಿಕದ ಯೂಟಾ ಮರಳುಗಾಡಿನಲ್ಲಿ ಇಳಿಯಿತು. ಗೊತ್ತಿರುವ ಒಂದು ಧೂಮಕೇತುವಿನ ಬಳಿಯಿಂದಲೇ ತಂದ ಧೂಳು ಮನುಷ್ಯನ ಕೈಗೆ ಬಂದದ್ದು ಅದೇ ಮೊದಲು.

ಧೂಳು ಹಿಡಿಯಲು ಬಳಸಿದ್ದು ಏರೋಜೆಲ್, ಬಹುಪಾಲು ಬರೀ ಖಾಲಿ ಜಾಗವೇ ಆಗಿರುವ ಸಿಲಿಕಾ. ಅದರೊಳಗೆ ನುಗ್ಗಿದ ಕಣ ನಿಧಾನವಾಗುತ್ತ ನಿಲ್ಲುತ್ತದೆ, ಹಿಂದೆ ಒಂದು ಸುರಂಗ ಉಳಿಯುತ್ತದೆ. ಆ ಸುರಂಗದ ಆಕಾರವೇ ಕಣದ ಬಲವನ್ನು ಹೇಳುತ್ತದೆ. ಗಟ್ಟಿ ಕಣ ಕೊರೆದದ್ದು ಕಿರಿದಾದ, ಆಳವಾದ ದಾರಿ. ಸಡಿಲ ಕಣ ಒಳಹೊಕ್ಕ ಕೂಡಲೇ ಒಡೆದು ಬಾಯಿಯ ಹತ್ತಿರವೇ ಉಬ್ಬಿದ ಕುಳಿ ಮಾಡಿತು. ಎರಡೂ ಬಗೆಯ ಸುರಂಗಗಳು ಸಿಕ್ಕವು. ಅಂದರೆ ಒಂದೇ ಧೂಮಕೇತುವಿನಲ್ಲಿ ಗಟ್ಟಿ ಖನಿಜದ ಚೂರುಗಳೂ ಇದ್ದವು, ತೀರ ಸಡಿಲವಾದ ಗುಚ್ಛಗಳೂ ಇದ್ದವು.

ಹೇಲ್–ಬಾಪ್ ಎಬ್ಬಿಸಿದ್ದ ಪ್ರಶ್ನೆಗೆ ಇಲ್ಲಿ ಉತ್ತರ ಸಿಕ್ಕಿತು. ವೈಲ್ಡ್ 2ರ ಧೂಳಿನಲ್ಲಿ ಒಲಿವೀನ್, ಪೈರಾಕ್ಸೀನ್ ಹರಳುಗಳಿದ್ದವು. ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂ ಹೆಚ್ಚಿರುವ, ಅತಿ ಶಾಖದಲ್ಲಿ ಮಾತ್ರ ರೂಪುಗೊಳ್ಳುವ ಚೂರುಗಳೂ ಇದ್ದವು. ಅಂಥವು ಹುಟ್ಟಬಹುದಾದ ಜಾಗ ಎಳೆಯ ಸೂರ್ಯನ ಹತ್ತಿರದ ಬಿಸಿ ವಲಯ. ಅಲ್ಲಿ ಕಾದ ಹರಳುಗಳು ಸೂರ್ಯನ ಸುತ್ತಲಿನ ಅನಿಲ ಮತ್ತು ಧೂಳಿನ ತಟ್ಟೆಯಲ್ಲಿ ಹೊರಕ್ಕೆ ಸಾಗಿ, ನೆಪ್ಚೂನಿನ ಆಚೆಯ ಚಳಿಯಲ್ಲಿ ಹಿಮದ ಜೊತೆ ಸೇರಿಕೊಂಡವು. ಸೌರಮಂಡಲದ ಒಳಭಾಗದ ವಸ್ತುವೂ ಹೊರಭಾಗದ ವಸ್ತುವೂ ಹುಟ್ಟಿನ ದಿನಗಳಲ್ಲೇ ಬೆರೆತಿದ್ದವು. 2009ರಲ್ಲಿ ಅದೇ ಮಾದರಿಗಳಲ್ಲಿ ಗ್ಲೈಸೀನ್ ಎಂಬ ಅಮೈನೊ ಆಮ್ಲವೂ ಪತ್ತೆಯಾಯಿತು.

ಆದರೂ ಕಣಗಳು ಏರೋಜೆಲ್‌ಗೆ ಬಡಿದ ಸೆಕೆಂಡಿಗೆ 6 ಕಿಲೊಮೀಟರ್ ಎಂಬುದು ಬಂದೂಕಿನ ಗುಂಡಿಗಿಂತ ಎಷ್ಟೋ ಪಟ್ಟು ಹೆಚ್ಚಿನ ವೇಗ. ಗಟ್ಟಿ ಚೂರುಗಳು ಉಳಿದವು. ಸಡಿಲ ಗುಚ್ಛಗಳು ಒಡೆದವು, ಅವುಗಳ ಸೂಕ್ಷ್ಮ ಭಾಗ ಏರೋಜೆಲ್ ಜೊತೆ ಕರಗಿ ಬೆರೆಯಿತು. ಧೂಮಕೇತುವಿನ ಅತ್ಯಂತ ನಾಜೂಕಾದ ಧೂಳು ಇನ್ನೂ ಸಿಕ್ಕಿರಲಿಲ್ಲ.

6. ಸೆಕೆಂಡಿಗೆ ಕೆಲವೇ ಮೀಟರ್

67ಪಿ ಚುರ್ಯುಮೋವ್–ಗೆರಾಸಿಮೆಂಕೊ 1969ರಲ್ಲಿ ಪತ್ತೆಯಾದ ಧೂಮಕೇತು. ಅದು ಸುಮಾರು ಆರೂವರೆ ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. 2004ರ ಮಾರ್ಚ್ 2ರಂದು ಹೊರಟ ಯುರೋಪಿನ ರೊಸೆಟ್ಟಾ ಹತ್ತು ವರ್ಷ ಪಯಣಿಸಿ 2014ರ ಆಗಸ್ಟ್ 6ರಂದು ಅದನ್ನು ಸೇರಿತು. ಬದಿಯಿಂದ ಹಾದುಹೋಗದೆ, ಎರಡು ವರ್ಷಕ್ಕೂ ಹೆಚ್ಚು ಕಾಲ ಅದರ ಜೊತೆಯಲ್ಲೇ ಸಾಗಿತು. ಧೂಳಿನ ಕಣಗಳು ನೌಕೆಯನ್ನು ಮುಟ್ಟಿದ ವೇಗ ಸೆಕೆಂಡಿಗೆ ಕೆಲವು ಮೀಟರ್, ಅಂದರೆ ಮನುಷ್ಯರ ನಡಿಗೆ, ಓಟದ ವೇಗ.

ಮೂರು ಉಪಕರಣಗಳು ಧೂಳಿಗೆಂದೇ ಇದ್ದವು. ಗಿಯಾಡಾ ಲೇಸರ್ ಪರದೆಯೊಂದನ್ನು ದಾಟುವ ಕಣದ ವೇಗವನ್ನೂ ಅದು ಫಲಕಕ್ಕೆ ಬಡಿದಾಗಿನ ಸಂವೇಗವನ್ನೂ ಅಳೆಯುತ್ತಿತ್ತು. ಎರಡರಿಂದ ಕಣದ ದ್ರವ್ಯರಾಶಿ ತಿಳಿಯುತ್ತದೆ. ಕೊಸಿಮಾ ಒಂದು ಸೆಂಟಿಮೀಟರ್ ಚೌಕದ ಲೋಹದ ಫಲಕಗಳ ಮೇಲೆ ಕಣಗಳನ್ನು ಹಿಡಿದು, ಚಿತ್ರ ತೆಗೆದು, ಅವುಗಳ ರಸಾಯನವನ್ನು ಓದಿತು. ಒಡೆದ ಚೂರುಗಳನ್ನೂ ಸೇರಿಸಿದರೆ ಅದು ಹಿಡಿದ ಕಣಗಳು 35,000ಕ್ಕೂ ಹೆಚ್ಚು. ಮಿಡಾಸ್ ಒಂದು ಪರಮಾಣು ಬಲ ಸೂಕ್ಷ್ಮದರ್ಶಕ. ಅತಿ ಚೂಪಾದ ಸೂಜಿಮೊನೆಯನ್ನು ಕಣದ ಮೇಲೆ ಆಡಿಸಿ ಅದರ ಉಬ್ಬುತಗ್ಗನ್ನು ಮೂರು ಆಯಾಮಗಳಲ್ಲಿ ಬಿಡಿಸುವ ಉಪಕರಣ.

ಕೊಸಿಮಾ ಕಂಡ ಮೊದಲ ಸಂಗತಿ, ಅಷ್ಟು ಮೆಲ್ಲಗೆ ಮುಟ್ಟಿದರೂ ಬಹಳಷ್ಟು ಕಣಗಳು ಒಡೆದುಹೋದವು ಎಂಬುದು. ಕೆಲವು ಪುಡಿಪುಡಿಯಾಗಿ ಹರಡಿದವು, ಕೆಲವು ಕುಸಿದು ಗುಡ್ಡೆಯಾದವು, ಕೆಲವು ಮಾತ್ರ ಇಡಿಯಾಗಿ ಉಳಿದವು. ಇದರಿಂದ ಲೆಕ್ಕ ಹಾಕಿದ ಬಿಗಿತ ಸಾವಿರ ಪ್ಯಾಸ್ಕಲ್‌ನ ಆಸುಪಾಸು, ನಮ್ಮ ವಾಯುಭಾರದ ನೂರರಲ್ಲೊಂದು ಪಾಲು. ರಸಾಯನವೂ ಇಲ್ಲಿ ನೆರವಿಗೆ ಬರುತ್ತದೆ. ಧೂಳಿನ ತೂಕದಲ್ಲಿ ನೂರಕ್ಕೆ ಸುಮಾರು 55 ಪಾಲು ಖನಿಜ, 45 ಪಾಲು ಇಂಗಾಲದ ದೊಡ್ಡ ಅಣುಗಳ ವಸ್ತು. ಧೂಮಕೇತುವಿನ ಮೈ ಅಷ್ಟು ಕಪ್ಪಾಗಿರುವುದಕ್ಕೆ ಈ ಇಂಗಾಲವೇ ಮುಖ್ಯ ಕಾರಣ.

ಮಿಡಾಸ್ ಇನ್ನೂ ಒಳಕ್ಕೆ ಇಣುಕಿತು. ಹತ್ತಾರು ಮೈಕ್ರಾನ್‌ನ ಕಣ ಕೆಲವು ಮೈಕ್ರಾನ್‌ನ ಗುಚ್ಛಗಳಿಂದ ಆಗಿತ್ತು. ಆ ಗುಚ್ಛಗಳು ಇನ್ನೂ ಸಣ್ಣ ಗುಚ್ಛಗಳಿಂದ ಆಗಿದ್ದವು. ಕೊನೆಯಲ್ಲಿ ಸಿಕ್ಕ ಘಟಕದ ಗಾತ್ರ ಸುಮಾರು 100 ನ್ಯಾನೊಮೀಟರ್, ಮಿಲಿಮೀಟರಿನ ಹತ್ತು ಸಾವಿರದಲ್ಲೊಂದು ಪಾಲು. ಧ್ರುವೀಕರಣದ ಲೆಕ್ಕಗಳು ಊಹಿಸಿದ್ದೂ ಇದೇ ಗಾತ್ರವನ್ನು. ಮಂಡಕ್ಕಿ ಉಂಡೆಯನ್ನು ನೆನೆಯಿರಿ: ಹಗುರವಾದ ಕಾಳುಗಳು ತಾಗಿದ ಕಡೆಗಳಲ್ಲಿ ಮಾತ್ರ ಅಂಟಿವೆ, ನಡುವೆಲ್ಲ ಗಾಳಿಯ ಜಾಗ, ಕಾಳಿನ ಒಳಗೂ ಟೊಳ್ಳು. ಧೂಳಿನ ಕಟ್ಟು ಹೀಗೇ ಹಂತಹಂತವಾಗಿ ಸಾಗುತ್ತದೆ.

ಮಿಡಾಸ್ ಅಳೆದ ಒಂದು ಕಣದಲ್ಲಿ ಈ ಟೊಳ್ಳು ಇನ್ನೂ ಮುಂದೆ ಹೋಗಿತ್ತು. ಗಟ್ಟಿ ವಸ್ತುವಿನ ಅಗಲ ಎರಡು ಪಟ್ಟಾದರೆ ದ್ರವ್ಯರಾಶಿ ಎಂಟು ಪಟ್ಟಾಗುತ್ತದೆ. ಈ ಕಣದ ಕಟ್ಟಿನಲ್ಲಿ ಅದು ಮೂರೂಕಾಲು ಪಟ್ಟು ಮಾತ್ರ. ಗಣಿತದ ಮಾತಿನಲ್ಲಿ ಇದರ ಫ್ರ್ಯಾಕ್ಟಲ್ ಆಯಾಮ 1.7. ಗಿಯಾಡಾ ಕಂಡ ಕೆಲವು ತೀರ ಸಡಿಲ ಕಣಗಳಂತೂ ಮಿಲಿಮೀಟರ್ ಅಗಲವಿದ್ದೂ ಘನಮೀಟರಿಗೆ ಒಂದು ಕಿಲೊಗ್ರಾಂಗಿಂತ ಕಡಿಮೆ ಸಾಂದ್ರತೆಯವು. ನಾವು ಉಸಿರಾಡುವ ಗಾಳಿಯ ಸಾಂದ್ರತೆ 1.2 ಕಿಲೊಗ್ರಾಂ. ಗಾಳಿಗಿಂತ ಹಗುರವಾದ ಘನವಸ್ತು ಅದು. ಒಟ್ಟು ಧೂಳಿನ ತೂಕದಲ್ಲಿ ಇಂಥ ಕಣಗಳ ಪಾಲು ಅತ್ಯಲ್ಪ. ತೂಕವೆಲ್ಲ ಇರುವುದು ನೀರಿಗಿಂತ ತುಸು ಕಡಿಮೆ ಸಾಂದ್ರತೆಯ, ಹೆಚ್ಚು ಒತ್ತಾದ ಕಣಗಳಲ್ಲಿ. ಆದರೆ ಅರ್ಥದ ದೃಷ್ಟಿಯಿಂದ ಆ ಅತ್ಯಲ್ಪ ಪಾಲಿಗೆ ಬೆಲೆ ಹೆಚ್ಚು. ಇಂಥ ಕಟ್ಟು ಸಿದ್ಧವಾಗುವುದು ಅತಿ ಮೆಲ್ಲನೆಯ ಡಿಕ್ಕಿಗಳಲ್ಲಿ ಮಾತ್ರ. ಸ್ವಲ್ಪ ಜೋರಾಗಿ ಬಡಿದಿದ್ದರೂ ಅದು ಅಮುಕಿಹೋಗುತ್ತಿತ್ತು. 450 ಕೋಟಿ ವರ್ಷಗಳಿಂದ ಅದು ಅಮುಕಿಹೋಗಿಲ್ಲ.

ಧೂಳು ನೌಕೆಯನ್ನು ಕಾಡಿತು ಕೂಡ. ದಿಕ್ಕು ಕಂಡುಕೊಳ್ಳಲು ನಕ್ಷತ್ರಗಳನ್ನು ನೋಡುವ ಅದರ ಉಪಕರಣಗಳು ಬಿಸಿಲಿನಲ್ಲಿ ಹೊಳೆಯುವ ಧೂಳಿನ ಕಣಗಳನ್ನೇ ನಕ್ಷತ್ರಗಳೆಂದು ತಿಳಿದವು. 2015ರ ಮಾರ್ಚ್ 28ರಂದು ನ್ಯೂಕ್ಲಿಯಸ್‌ನ ಮೇಲ್ಮೈಯಿಂದ 14 ಕಿಲೊಮೀಟರ್ ದೂರದಲ್ಲಿ ಹಾದಾಗ ನೌಕೆ ದಿಕ್ಕು ತಪ್ಪಿ ತನ್ನ ಕೆಲಸ ನಿಲ್ಲಿಸಿ ಸುರಕ್ಷಾ ಸ್ಥಿತಿಗೆ ಹೋಯಿತು. ಆಮೇಲೆ ಅದನ್ನು ದೂರದಲ್ಲೇ ಇಡಬೇಕಾಯಿತು.

7. ಧೂಳು ಮೇಲೇಳುವುದು ಹೇಗೆ

ಇಲ್ಲಿ ಒಂದು ತೊಡಕಿದೆ. ಮೈಕ್ರಾನ್ ಗಾತ್ರದ ಕಣಗಳು ಒಂದಕ್ಕೊಂದು ಅಂಟುವ ಬಲ ಅವುಗಳ ತೂಕಕ್ಕೆ ಹೋಲಿಸಿದರೆ ಬಹಳ ಹೆಚ್ಚು. ಅಂಥ ಕಣಗಳು ಒತ್ತಾಗಿ ಸೇರಿದ ಪದರವನ್ನು ಕೀಳಲು ಸಾವಿರ ಪ್ಯಾಸ್ಕಲ್‌ನಷ್ಟು ಒತ್ತಡ ಬೇಕು. ಧೂಮಕೇತುವಿನ ಮೇಲ್ಮೈಯಲ್ಲಿ ಆವಿಯಾಗುವ ಹಿಮದ ಒತ್ತಡ ಸಾಮಾನ್ಯವಾಗಿ ಒಂದು ಪ್ಯಾಸ್ಕಲ್ ಆಸುಪಾಸು. ಈ ಲೆಕ್ಕದಂತೆ ಧೂಮಕೇತುವಿಗೆ ಬಾಲವೇ ಮೂಡಬಾರದು.

ಜರ್ಮನಿಯ ಬ್ರೌನ್‌ಶ್ವೈಗ್‌ನಲ್ಲಿ ಯುರ್ಗೆನ್ ಬ್ಲೂಮ್ ಅವರ ಪ್ರಯೋಗಾಲಯ ಇಂಥ ಧೂಳಿನ ಪ್ರಯೋಗಗಳನ್ನು ದಶಕಗಳಿಂದ ನಡೆಸುತ್ತಿದೆ. ಅಲ್ಲಿಂದ ಬಂದ ಉತ್ತರ ಹೀಗಿದೆ. ನ್ಯೂಕ್ಲಿಯಸ್ ನೇರವಾಗಿ ಸೂಕ್ಷ್ಮ ಧೂಳಿನಿಂದ ಆದದ್ದಲ್ಲ. ಧೂಳು ಮೊದಲು ಮಿಲಿಮೀಟರ್, ಸೆಂಟಿಮೀಟರ್ ಗಾತ್ರದ ಹರಳುಕಲ್ಲಿನಂಥ ಉಂಡೆಗಳಾಯಿತು. ಆ ಉಂಡೆಗಳ ದೊಡ್ಡ ಮೋಡ ತನ್ನದೇ ಗುರುತ್ವದಿಂದ ಮೆಲ್ಲಗೆ ಕುಸಿದು ನ್ಯೂಕ್ಲಿಯಸ್ ಆಯಿತು. ಉಂಡೆಯ ಒಳಗೆ ಬಿಗಿತ ಹೆಚ್ಚು, ಉಂಡೆ ಮತ್ತು ಉಂಡೆಯ ನಡುವೆ ತಾಗುವ ಜಾಗ ಕಡಿಮೆ, ಹಾಗಾಗಿ ಅಲ್ಲಿ ಬಿಗಿತವೂ ಬಹಳ ಕಡಿಮೆ. ಅನಿಲ ಉಂಡೆಗಳನ್ನು ಇಡಿಯಾಗಿ ಎತ್ತುತ್ತದೆ. ನ್ಯೂಕ್ಲಿಯಸ್‌ನ ಸಾಂದ್ರತೆ ಘನಮೀಟರಿಗೆ ಸುಮಾರು 530 ಕಿಲೊಗ್ರಾಂ ಮಾತ್ರ ಇರುವುದು, ಅದರ ಗಾತ್ರದಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಪಾಲು ಟೊಳ್ಳೇ ಇರುವುದು ಈ ಚಿತ್ರಕ್ಕೆ ಒಪ್ಪುತ್ತದೆ. ಉಂಡೆಗಳ ನಡುವಿನ ಸಂದುಗಳಲ್ಲಿ ಆ ಗಾಳಿಗಿಂತ ಹಗುರವಾದ ಗುಚ್ಛಗಳು ಅಮುಕದೆ ಉಳಿದುಕೊಳ್ಳಲು ಜಾಗವೂ ಸಿಗುತ್ತದೆ.

2014ರ ನವೆಂಬರ್ 12ರಂದು ರೊಸೆಟ್ಟಾದಿಂದ ಇಳಿದ ಫಿಲೇ ಎಂಬ ಪುಟ್ಟ ನೌಕೆ ನೆಲಕ್ಕೆ ತಾಗಿ ಪುಟಿದು ಬೇರೆಡೆ ಹೋಗಿ ನಿಂತಿತು. ನಡುವೆ ಅದು ಒಂದು ಬಂಡೆಯನ್ನು ಕೆರೆದು ಒಳಗಿನ ಹಿಮವನ್ನು ಹೊರಗೆಡವಿದ್ದ ಜಾಗವನ್ನು ವಿಜ್ಞಾನಿಗಳು ಹಳೆಯ ಚಿತ್ರಗಳಲ್ಲಿ ಹುಡುಕಿ 2020ರಲ್ಲಿ ಪ್ರಕಟಿಸಿದರು. ಆ ಗುರುತಿನಿಂದ ಲೆಕ್ಕ ಹಾಕಿದ ಬಂಡೆಯ ಒಳಭಾಗದ ಬಿಗಿತ 12 ಪ್ಯಾಸ್ಕಲ್‌ಗಿಂತ ಕಡಿಮೆ. ಕಣ್ಣಿಗೆ ಬಂಡೆ, ಮುಟ್ಟಿದರೆ ನೊರೆಗಿಂತ ಮೃದು.

ಎದ್ದ ಧೂಳೆಲ್ಲ ಹೊರಟುಹೋಗುವುದೂ ಇಲ್ಲ. 67ಪಿಯ ಸೆಳೆತದಿಂದ ಬಿಡಿಸಿಕೊಳ್ಳಲು ಸೆಕೆಂಡಿಗೆ ಸುಮಾರು ಒಂದು ಮೀಟರ್ ವೇಗ ಸಾಕು. ಅದಕ್ಕಿಂತ ನಿಧಾನವಾದ ದೊಡ್ಡ ಕಣಗಳು ಮತ್ತೆ ನೆಲಕ್ಕೆ ಬೀಳುತ್ತವೆ. ಧೂಮಕೇತುವಿನ ನುಣುಪು ಬಯಲುಗಳು ಬಹುಪಾಲು ಹೀಗೆ ಉದುರಿದ ಧೂಳಿನ ಹಾಸುಗಳು.

8. ನಮ್ಮ ಆಕಾಶದಲ್ಲಿ ಆ ಧೂಳು

ಹೊರಟುಹೋದ ಧೂಳು ಎಲ್ಲಿಗೆ ಹೋಗುತ್ತದೆ? ಅತಿ ಸಣ್ಣ ಕಣಗಳನ್ನು ಬೆಳಕು ಸೌರಮಂಡಲದ ಆಚೆಗೆ ತಳ್ಳುತ್ತದೆ. ಹತ್ತು, ನೂರು ಮೈಕ್ರಾನ್‌ನವು ಅದೇ ಬೆಳಕಿನ ಎದುರು ಓಡುತ್ತ ವೇಗ ಕಳೆದುಕೊಂಡು ಸಾವಿರಾರು ವರ್ಷಗಳಲ್ಲಿ ಸುರುಳಿ ಸುತ್ತುತ್ತ ಸೂರ್ಯನತ್ತ ಇಳಿಯುತ್ತವೆ. ದಾರಿಯಲ್ಲಿ ಕೆಲವು ಭೂಮಿಗೆ ಸಿಗುತ್ತವೆ. ಅಂಟಾರ್ಕ್ಟಿಕದ ಕಾಂಕಾರ್ಡಿಯ ನೆಲೆಯ ಹತ್ತಿರ ಹಿಮವನ್ನು ಅಗೆದು ಸೋಸಿ ಮಾಡಿದ ಅಧ್ಯಯನವೊಂದು 2021ರಲ್ಲಿ ಪ್ರಕಟವಾಯಿತು. ಅದರ ಅಂದಾಜಿನಂತೆ ವರ್ಷಕ್ಕೆ ಸುಮಾರು 5,200 ಟನ್ ಸೂಕ್ಷ್ಮ ಧೂಳು ಭೂಮಿಯ ನೆಲ ಮುಟ್ಟುತ್ತದೆ, ಅದರ ಬಹುಪಾಲು ಧೂಮಕೇತುಗಳದ್ದು. ಡೊನಾಲ್ಡ್ ಬ್ರೌನ್ಲೀ 1970ರ ದಶಕದಲ್ಲೇ ಎತ್ತರದಲ್ಲಿ ಹಾರುವ ವಿಮಾನಗಳಿಂದ ಇಂಥ ಕಣಗಳನ್ನು ಹಿಡಿದಿದ್ದರು. ಸ್ಟಾರ್‌ಡಸ್ಟ್ ಯೋಜನೆಯ ವೈಜ್ಞಾನಿಕ ಹೊಣೆ ಹೊತ್ತವರೂ ಅವರೇ.

ಮಿಲಿಮೀಟರ್ ಗಾತ್ರದವು ಉಲ್ಕೆಗಳಾಗಿ ಉರಿಯುತ್ತವೆ. ಮೇ ಮೊದಲ ವಾರದ ಈಟಾ ಅಕ್ವೇರಿಡ್, ಅಕ್ಟೋಬರ್ ಮೂರನೆಯ ವಾರದ ಒರಾಯೊನಿಡ್ ಉಲ್ಕಾವರ್ಷಗಳೆರಡೂ ಹ್ಯಾಲಿ ಬಿಟ್ಟುಹೋದ ಧೂಳು. ಉಲ್ಕೆ ಎಷ್ಟು ಎತ್ತರದಲ್ಲಿ ಹೊತ್ತಿಕೊಂಡಿತು, ಎಲ್ಲಿ ಒಡೆಯಿತು ಎಂಬುದರಿಂದಲೂ ಕಣದ ಬಿಗಿತ ತಿಳಿಯುತ್ತದೆ.

ಧೂಮಕೇತುಗಳ ಅಧ್ಯಯನದಲ್ಲಿ ನಮ್ಮ ದೇಶದ ಪಾಲೂ ಇದೆ. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯನ್ನು ಕಟ್ಟಿದ ವೈನು ಬಾಪ್ಪು ಅವರ ಹೆಸರಿನಲ್ಲಿ 1949ರ ಬಾಪ್ಪು–ಬಾಕ್–ನ್ಯೂಕರ್ಕ್ ಧೂಮಕೇತು ಇದೆ. ಲಡಾಖಿನ ಹಾನ್ಲೆಯಲ್ಲಿರುವ ಎರಡು ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಮ್ಮ ಹೊಸಕೋಟೆಯ ಕೇಂದ್ರದಿಂದಲೇ ನಡೆಸುತ್ತಾರೆ. ಇನ್ನೊಂದು ನಕ್ಷತ್ರದ ಬಳಿಯಿಂದ ಬಂದ ಬೊರಿಸೊವ್ ಧೂಮಕೇತುವನ್ನೂ ಅದರಿಂದ ನೋಡಿದ್ದಾರೆ. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಮೌಂಟ್ ಅಬು ವೀಕ್ಷಣಾಲಯ ಧೂಮಕೇತುಗಳ ಧ್ರುವೀಕರಣವನ್ನು ಬಹುಕಾಲದಿಂದ ಅಳೆಯುತ್ತಿದೆ. ಅದೇ ಪ್ರಯೋಗಾಲಯ ತಯಾರಿಸಿದ ಧೂಳು ಪತ್ತೆಯ ಉಪಕರಣವೊಂದು 2024ರ ಜನವರಿ 1ರಂದು ಪಿಎಸ್‌ಎಲ್‌ವಿ–ಸಿ58 ರಾಕೆಟ್ಟಿನಲ್ಲಿ ಹೋಗಿ ಭೂಕಕ್ಷೆಯಲ್ಲಿ ಕೆಲಸ ಮಾಡಿತು. ಇವು ಒಳ್ಳೆಯ ಆರಂಭಗಳು. ಆದರೆ ಚಂದ್ರ, ಮಂಗಳಗಳಿಗೆ ನೌಕೆ ಕಳಿಸಿದ ನಮ್ಮ ದೇಶ ಧೂಮಕೇತುವಿನತ್ತ ಇನ್ನೂ ಕಳಿಸಿಲ್ಲ.

9. ಕೊನೆಯ ಮಾತು

ಹ್ಯಾಲಿಯಿಂದ 67ಪಿವರೆಗಿನ ಮೂವತ್ತು ವರ್ಷಗಳ ಪಾಠವನ್ನು ಹೀಗೆ ಹೇಳಬಹುದು. ವೇಗ ಇಳಿಸಿದಷ್ಟೂ ಧೂಳು ಹೆಚ್ಚು ಹೇಳಿತು. 68 ಕಿಲೊಮೀಟರ್ ವೇಗದಲ್ಲಿ ಪರಮಾಣುಗಳು ಸಿಕ್ಕವು, 6 ಕಿಲೊಮೀಟರ್ ವೇಗದಲ್ಲಿ ಖನಿಜಗಳು ಸಿಕ್ಕವು, ನಡಿಗೆಯ ವೇಗದಲ್ಲಿ ಕಣದ ಮೈಕಟ್ಟೇ ಸಿಕ್ಕಿತು. ಅದು ಹೇಳಿದ್ದು ಸೌರಮಂಡಲದ ಹೊರಭಾಗ ಮೃದುವಾದ ಡಿಕ್ಕಿಗಳಿಂದ, ನಿಧಾನವಾಗಿ ಕಟ್ಟಿಕೊಂಡಿತು ಎಂದು. ಮುಂದಿನ ಹೆಜ್ಜೆ, ಇಂಥ ಧೂಳನ್ನು ಹಿಮದ ಸಮೇತ, ಕೆಡದಂತೆ, ಚಳಿಯಲ್ಲೇ ಭೂಮಿಗೆ ತರುವುದು. ಯಾವ ದೇಶವೂ ಇದನ್ನು ಇನ್ನೂ ಮಾಡಿಲ್ಲ. ಭಾರತ ಅದರಲ್ಲಿ ಪಾಲುಗೊಳ್ಳಬೇಕು ಎಂದು ಈ ವೇದಿಕೆಯಿಂದ ಒತ್ತಾಯಿಸುತ್ತೇನೆ.

ವಿದ್ಯಾರ್ಥಿಗಳೆ, ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಮೇ ತಿಂಗಳ ಮೊದಲ ವಾರ, ಮಳೆಗಾಲ ಹಿಡಿಯುವ ಮುನ್ನ, ಊರ ದೀಪಗಳಿಂದ ದೂರ ಹೋಗಿ ಬೆಳಗಿನ ಜಾವ ಪೂರ್ವಕ್ಕೆ ಮುಖ ಮಾಡಿ ಕುಳಿತು ಗಂಟೆಗೆಷ್ಟು ಉಲ್ಕೆ ಬಿದ್ದವೆಂದು ಎಣಿಸಿ, ಬರೆದಿಡಿ, ಅಂತಾರಾಷ್ಟ್ರೀಯ ಉಲ್ಕಾ ಸಂಘಟನೆಗೆ ಕಳಿಸಿ. ನಿಮ್ಮ ಕಾಲೇಜಿನಲ್ಲಿ ಸಣ್ಣ ದೂರದರ್ಶಕವಿದ್ದರೆ ಅದಕ್ಕೊಂದು ಧ್ರುವೀಕಾರಕ ಸೋಸುಕ ಕೊಡಿಸುವಂತೆ ನಿಮ್ಮ ಮೇಷ್ಟರನ್ನು ಕೇಳಿ, ಮುಂದೆ ಹೊಳಪಿನ ಧೂಮಕೇತು ಬಂದಾಗ ಅಳತೆ ಮಾಡಿ. ಅಧ್ಯಾಪಕ ಮಿತ್ರರು ಅದಕ್ಕೆ ಸಮಯ ಕೊಡಿ, ಹಣ ಹೊಂದಿಸಿ. ಈ ದತ್ತಿಯ ಉದ್ದೇಶ ಸಾರ್ಥಕವಾಗುವುದು ಇಂಥ ಕೆಲಸದಿಂದ.